ಒಳಗಿನ ಮಂಜು

ಧನುರ್ಮಾಸದಲ್ಲಿ ನಾಲ್ಕೂವರೆಗೆ ದಿಬ್ಬೂರಹಳ್ಳಿ ಬಿಟ್ಟರೆ
ಶಿಡ್ಲಘಟ್ಟ ಮುಟ್ಟುವ ತನಕ
ನನ್ನ ಇಂಡಿಕಾದ ಮುಂದಿನ ಗಾಜು ಸುಣ್ಣದ ಗೋಡೆ.
ಹೊರಗೆ ಮಂಜು ಅಷ್ಟೇನಿಲ್ಲ. ಎಲ್ಲ ಒಳಗೇ.
ವೈಪರ್ ಮಾತ್ರ ಹೊರಗೆ ಕುಯ್ಯೋ ಅಂತ ಒರೆಸುತ್ತದೆ,
ತಪ್ಪು ಮನೆಯ ಬಾಗಿಲು ಬಡಿಯುವವನ ಹಾಗೆ.

ಪಕ್ಕದಲ್ಲಿ ಮುನಿನಂಜಮ್ಮ.
ಹಿಂದೆ, ಸೀಟು ಕಿತ್ತ ಜಾಗದಲ್ಲಿ, ಅವಳ ಗೂಡು:
ಎಂಬತ್ತೆರಡು ಕಿಲೋ, ಬಟ್ಟೆ ಚೀಲಗಳಲ್ಲಿ ಸಡಿಲವಾಗಿ.
ನನ್ನೆದುರಿಗೆ ಕೈ ಚಾಚಿ ಸೆರಗಲ್ಲಿ ಒರೆಸುತ್ತಾಳೆ;
ಒರೆಸಿದಷ್ಟಗಲ ರಸ್ತೆ.
ಆ ಅಂಗೈಯಗಲದೊಳಗೆ ಒಂದು ಬಸ್ಸು ಬಂದು, ಹಾದು,
ಮತ್ತೆ ಮುಚ್ಚುತ್ತದೆ.
ತನ್ನೆದುರಿನ ಭಾಗ ಮಾತ್ರ ಒರೆಸಳು. ಅಲ್ಲಿ ಬೆರಳ ಲೆಕ್ಕ:
ಐನೂರ ಹತ್ತಾದರೆ ನಲವತ್ತೊಂದು ಸಾವಿರದ ಎಂಟುನೂರ ಇಪ್ಪತ್ತು,
ನಾನೂರ ಎಂಬತ್ತಾದರೆ
(ಇಲ್ಲಿ ಅವಳ ಬೆರಳು ನಿಧಾನ)
ಮೂವತ್ತೊಂಬತ್ತು ಸಾವಿರದ ಮುನ್ನೂರ ಅರವತ್ತು.
ನಡುವಿನ ವ್ಯತ್ಯಾಸ
ಹನಿಯಾಗಿ ಡ್ಯಾಶ್‌ಬೋರ್ಡಿಗೆ ಇಳಿಯುತ್ತದೆ.

ಹರಾಜು ಮುಗಿಸಿ ಚಿಂತಾಮಣಿ ರಸ್ತೆಗೆ, ಖಲಂದರನ ಗ್ಯಾರೇಜಿಗೆ.
"ಫ್ಯಾನ್ ಸತ್ತುಹೋಗಿದೆ" ಅಂದೆ.
"ಸತ್ತಿದೆ ಅಂತ ಡಾಕ್ಟರು ಹೇಳಬೇಕು, ನೆಂಟರಲ್ಲ."

ಫ್ಯೂಸು ಕಿತ್ತು ಬಿಸಿಲಿಗೆ ಹಿಡಿದ. ತಂತಿ ನೆಟ್ಟಗಿತ್ತು.
ಬಾನೆಟ್ ಎತ್ತಿ ಹೀಟರಿನ ಎರಡೂ ಪೈಪು ಮುಟ್ಟಿ
ಚಟ್ಟನೆ ಕೈ ಎಳಕೊಂಡ. ಬಿಸಿಯೂ ಉಂಟು.
ಗುಬುಟು ತಿರುಗಿಸಿದರೆ ಮೋಟಾರು ಮುಲುಗುತ್ತಿತ್ತು.
ಬೀಡಿ ಹಚ್ಚಿ, ಗಾಜಿನ ಬುಡದ ಕಂಡಿಗೆ ಹೊಗೆ ಬಿಟ್ಟ;
ಹೊಗೆ ಅಲ್ಲೇ ನಿಂತು ಯೋಚಿಸಿತು.
"ಜ್ವರ ಇದೆ. ಉಸಿರಿಲ್ಲ."

ಗ್ಲೋವ್‌ಬಾಕ್ಸಿನಿಂದ ಎಮಿಷನ್ ಚೀಟಿ, ಹಲ್ಲು ಮುರಿದ ಬಾಚಣಿಗೆ ಈಚೆ ಹಾಕಿ,
ಮೂರು ಸ್ಕ್ರೂ ಬಿಚ್ಚಿ ಬ್ಲೋವರ್ ಇಳಿಸಿದ.
ಪಂಜರದ ತುಂಬ ರೇಷ್ಮೆ!
ಗೂಡಿನ ಮೈಯಿಂದ ಎದ್ದ ತುಪ್ಪುಳು, ನಾಲ್ಕು ಚಳಿಗಾಲದ್ದು,
ಸುತ್ತಿ ಸುತ್ತಿ
ಕಾರು ತಾನೇ ಒಂದು ಗೂಡು ಕಟ್ಟಿಕೊಂಡಿತ್ತು.

"ಇದನ್ನೂ ಹರಾಜಿಗೆ ಹಾಕು" ಎಂದು ನಕ್ಕ.
ಹೊರಗಾಳಿಯ ಬಾಗಿಲು ಅದೇ ನೂಲಲ್ಲಿ ಅಂಟಿ ಮುಚ್ಚಿತ್ತು.
"ಒಳಗಿನ ಗಾಳಿನೇ ತಿರುಗಿ ತಿರುಗಿ ಕುಡಿದಿದೀರಿ.
ಆದರೂ ಗಾಜು ಇಷ್ಟು ಬೆವರಬಾರದು. ಎಷ್ಟು ಜನ ಕೂರ್ತೀರಿ?"

ಇಬ್ಬರು, ಅಂದೆ.

ಟೀ ಲೋಟ ಹಿಡಿದು ನಿಂತಿದ್ದ ಮುನಿನಂಜಮ್ಮ
"ಇಬ್ಬರೆಲ್ಲಿ?" ಅಂದಳು.
"ಗೂಡೊಳಗೆ ಹುಳಾನೂ ಉಸಿರಾಡ್ತದಲ್ವೇನಪ್ಪ.
ಕಿಲೋಗೆ ಆರುನೂರು ಹಿಡಿ. ನೀನೇ ಲೆಕ್ಕ ಹಾಕು."

ಯಾರೂ ಲೆಕ್ಕ ಹಾಕಲಿಲ್ಲ.
ರಸ್ತೆಯಾಚೆ ಫಿಲೇಚರಿನ ಕಿಟಕಿಯಿಂದ ಕುದಿನೀರಿನ ಆವಿ ಬರುತ್ತಿತ್ತು,
ಅದರ ವಾಸನೆ ಈ ಊರಿನ ಮೂಗಿಗೆ ಹತ್ತುವುದೇ ಇಲ್ಲ.
ಖಲಂದರ ಬೀಡಿ ಹೊಸಕಿ ಬ್ಲೇಡು ತೆಗೆದ.
ಪಂಜರದ ಸುತ್ತು ಸೀಳಿದ, ಪೆಟ್ರೋಲಲ್ಲಿ ತೊಳೆದ,
ಬುಶ್‌ಗೆ ಎರಡು ಹನಿ ಎಣ್ಣೆ, ಬಾಗಿಲ ಕೀಲಿಗೆ ಗ್ರೀಸು,
ಗಾಳಿ ಎಳೆಯುವ ಬಾಯಿಗೆ
ಮಗಳ ತೊಟ್ಟಿಲ ಮೇಲಿದ್ದ ಸೊಳ್ಳೆಪರದೆಯ ಒಂದು ತುಂಡು.
ಮುನ್ನೂರೈವತ್ತು ಇಸಿದುಕೊಂಡ.

ಮುಂದಿನ ಬೆಳೆಗೂ ಚಳಿ ಬಿಟ್ಟಿರಲಿಲ್ಲ.
ಅದೇ ನಾಲ್ಕೂವರೆ. ಗುಬುಟು ತಿರುಗಿಸಿದೆ.
ಗಾಜಿನ ಬುಡದಲ್ಲಿ ಎರಡು ಅರ್ಧಚಂದ್ರ ಮೂಡಿ,
ಅಗಲಿಸಿ, ಒಂದಕ್ಕೊಂದು ತಾಗಿ,
ರಸ್ತೆ ಪೂರ್ತಿ ಬಂತು:
ಬಿಳಿ ಪಟ್ಟೆ, ಮೈಲಿಗಲ್ಲು, ದಾಟಲೋ ಬೇಡವೋ ಎಂಬ ಒಂದು ನಾಯಿ.

ಮುನಿನಂಜಮ್ಮ ಬೆರಳೆತ್ತಿದವಳು ಹಾಗೇ ಇಳಿಸಿದಳು.
"ಪಾಟಿ ಒರೆಸಿಬಿಟ್ಟನಲ್ಲೋ ನಿಮ್ಮ ಖಲಂದರ."
ಆಮೇಲೆ ಪಕ್ಕದ ಕಿಟಕಿಗೆ ತಿರುಗಿದಳು.
ಅಲ್ಲಿಗೆ ಅವನ ಗಾಳಿ ತಲುಪಿರಲಿಲ್ಲ.
ಎಪ್ಪತ್ತಾರು ಕಿಲೋ, ಎಂದು ಬರೆದು
ಗುಣಿಸುವ ಗುರುತು ಹಾಕಿ,
ಬೆಲೆಯ ಜಾಗ ಖಾಲಿ ಬಿಟ್ಟು
ಒಮ್ಮೆ ಹಿಂದಿನ ಚೀಲಗಳ ಕಡೆ ನೋಡಿದಳು.