ಹೆಣದ ಡಬ್ಬಿ

ಎನಾತ್ನೆಶಳ ಕೊರಳ ದಾರದಲ್ಲಿ
ಮರದ ಶಿಲುಬೆ, ಜೊತೆಗೊಂದು ಚಿಮುಟ.
ಕಾಯಬೇಕಾದ ರೆಪ್ಪೆಗೂದಲು ಒಳಮುಖ ತಿರುಗಿ
ಕಣ್ಣನ್ನೇ ಗೀರುತ್ತದೆ,
ಬೇಲಿಯೇ ಎದ್ದು ಹೊಲಕ್ಕಿಳಿದ ಹಾಗೆ.
ವಾರಕ್ಕೊಮ್ಮೆ ಬಾಗಿಲ ಬೆಳಕಿಗೆ ಕೂತು
ಮಗಳ ಕೈಲಿ ಕೀಳಿಸಿಕೊಳ್ಳುತ್ತಾಳೆ.
ಮತ್ತೆ ಹುಟ್ಟುತ್ತವೆ, ಇನ್ನೂ ಮೊಂಡಾಗಿ.

ಪಟ್ಟಣದಲ್ಲಿ ಆಪರೇಷನ್ ಪುಕ್ಕಟೆಯಂತೆ.
ಬಸ್ಸು ಪುಕ್ಕಟೆಯಲ್ಲ.

ಭಾನುವಾರ, ಗೊಜ್ಜಾಮಿನ ದಿಬ್ಬದ ಮೇಲೆ
ಇದಿರ್ ಸಂಘದ ಸಭೆ.
ತಿಂಗಳು ತಿಂಗಳೂ ಸಾವಿಗೆಂದು ಕೂಡಿಟ್ಟ ತಗಡಿನ ಡಬ್ಬಿ
ಅಡ್ಮಾಸುವಿನ ತೊಡೆಯ ಮೇಲೆ.
"ಇದು ಸತ್ತವರದ್ದು. ಲೆಕ್ಕ ಅಂದರೆ ಲೆಕ್ಕ."
ಯಾರೂ ತುಟಿ ಬಿಚ್ಚಲಿಲ್ಲ.
ಕಾಫಿ ಎರಡನೆಯ ಸುತ್ತು ಬಂತು.

ಗುಂಡಿ ತೋಡುವ ಮುಚೆ ಕೆಮ್ಮಿದ:
"ನನ್ನ ಪಾಲಿನದನ್ನು ಕೊಟ್ಟುಬಿಡಿ.
ನನಗೆ ಡೇರೆ ಬೇಡ, ಚಾಪೆ ಸಾಕು.
ಒಳಗಿದ್ದವನಿಗೆ ಏನು ಕಾಣುತ್ತದೆ?"
ಹೆಂಗಸರು ನಕ್ಕರು. ಒಬ್ಬಳು
ಸೆರಗಿನ ಗಂಟು ಬಿಚ್ಚತೊಡಗಿದಳು, ಹಲ್ಲಿನಿಂದ.

ಅಡ್ಮಾಸುವಿನ ಪುಸ್ತಕದಲ್ಲಿ ಇದ್ದದ್ದೇ ಎರಡು ಅಂಕಣ:
ತೀರಿಕೊಂಡವರು, ಖರ್ಚು.
ಪೆನ್ನು ಹಿಡಿದು ತುಸು ಹೊತ್ತು ಕೂತ.
ಆಮೇಲೆ ಕೊನೆಯ ಹೆಸರಿನ ಕೆಳಗೆ
ಎನಾತ್ನೆಶ್ ಎಂದು ಬರೆದು
ಪಕ್ಕದಲ್ಲಿ, ಇಕ್ಕಟ್ಟಾಗಿ:
ಬದುಕಿದ್ದಾಳೆ. ಬಸ್ಸು, ಇಬ್ಬರಿಗೆ.
ಹೋಗಿ ಬರಲು.