ಗುಂಯ್

ಮರಣದ ಮೈಕಿಗೆ ನಾನು ಬಾಡಿಗೆ ತೆಗೆದುಕೊಳ್ಳುವುದಿಲ್ಲ.
ಮೊನ್ನೆ ಮಂಗಳವಾರ ಕಯ್ಯಾರಿನ ಇಗರ್ಜಿಗೆ
ಎರಡು ಬಾಕ್ಸು, ಒಂದು ಮೈಕು, ಹಳೆಯ ಆಂಪ್ಲಿಫಯರು
ರಿಕ್ಷಾದಲ್ಲಿ ಹಾಕಿಕೊಂಡು ಹೋದೆ.
ಇನಾಸ್ ಮಾಮ ತೀರಿಕೊಂಡಿದ್ದರು.
ಪೆಟ್ಟಿಗೆ ಹೊರಲು ಆರು ಜನ ಬೇಕು, ನಾಲ್ಕೇ ಇದ್ದರು.
ಐದನೆಯವ ನಾನಾದೆ.
ಆರನೆಯವ ಇಲ್ಲದ ಕಡೆ ಸ್ವಲ್ಪ ವಾಲಿಕೊಂಡೇ ಹೋಯಿತು.

ಬೊಂಬಾಯಿಯ ಹೋಟೆಲಿನಲ್ಲಿ ಹದಿನೆಂಟು ವರ್ಷ
ಬಿಳಿ ಕೋಟು ಹಾಕಿ ನುಡಿಸಿದವರು.
ಸೂಪು ಕುಡಿಯುವವರ ಬೆನ್ನಿಗೆ ನುಡಿಸಿದ್ದು ಮಾರಾಯ, ಅನ್ನುತ್ತಿದ್ದರು.
ಮತ್ತೆ ಹೋಟೆಲಿಗೆ ಕ್ಯಾಸೆಟ್ಟು ಬಂತು,
ಇವರು ಬಂದ್ಯೋಡಿಗೆ ಬಂದರು:
ಗಿಟಾರು, ಒಂದು ಟ್ರಂಕು, ಕೆಮ್ಮು.
ಕಡಲ ಗಾಳಿಗೆ ತಂತಿ ತುಕ್ಕು ಹಿಡಿದು ಕಡಿದಾಗ
ನನ್ನ ಬೈಕಿನ ಕ್ಲಚ್ ಕೇಬಲಿನಿಂದ ಒಂದೆಳೆ ಬಿಚ್ಚಿಕೊಂಡರು.

ಆಗ ನಾನು ಹೊಸದಾಗಿ ಅಂಗಡಿ ಇಟ್ಟಿದ್ದೆ.
ನಿಕಾಹಿಗೆ, ಬಯಲಾಟಕ್ಕೆ, ಓಟಿಗೆ, ರೋಸಿಗೆ
ಎಲ್ಲದಕ್ಕೂ ಅದೇ ಒಂದು ಆಂಪ್ಲಿಫಯರು.
ಅದಕ್ಕೊಂದು ಕಾಯಿಲೆ:
ಸ್ವಿಚ್ಚು ಹಾಕಿದ ಕೂಡಲೇ ಗುಂಯ್.
ಅರ್ತಿನ ವಯರು ಹಸಿಮಣ್ಣಲ್ಲಿ ಹೂತೆ, ಉಪ್ಪುನೀರು ಹೊಯ್ದೆ,
ಕಂಡೆನ್ಸರು ಬದಲಿಸಿದೆ.
ಗುಂಯ್.

ಮಾಮ ಬಗ್ಗಿ ಕಿವಿ ಇಟ್ಟರು.
“ಅಂದುಂಞಿ, ಇದನ್ನು ಯಾಕೆ ಕೊಲ್ಲುತ್ತಿ?
ಇದೊಂದು ಸ್ವರ. ಹಟ ಹಿಡಿದು ನಿಲ್ಲುವವ
ಬ್ಯಾಂಡಿಗೆ ಒಬ್ಬ ಬೇಕು,
ನನಗೆ ಸಂಬಳ ಇಲ್ಲದೆ ಸಿಕ್ಕಿದ.”
ತಂತಿ ತಿರುಚಿ ತಿರುಚಿ ಅದಕ್ಕೇ ಸೇರಿಸಿ
ಅದರ ಮೇಲೆ ಹೊರಟರು,
ಗದ್ದೆಯ ಹುಣಿಯಲ್ಲಿ ಕುಡಿದವ ನಡೆದ ಹಾಗೆ,
ಈಗ ಬಿದ್ದರು ಅನ್ನುವಾಗ ಬೀಳದೆ.

“ಇದಕ್ಕೆ ಹೆಸರೇನು?”
“ಜಾಝ್.”
“ಜಾಸ್ತಿಯಾ?”
ನಕ್ಕು ನಕ್ಕು ಕೆಮ್ಮು ಬಂತು. “ಹೌದು, ಅದೇ ಅದೇ.
ಬರೆದುಕೊಟ್ಟದ್ದು ಇಷ್ಟು, ಮತ್ತೆ ಸ್ವಲ್ಪ ಜಾಸ್ತಿ.”

ಊರಿಗೆ ಜಾಸ್ತಿ ಬೇಕಿರಲಿಲ್ಲ.
ಮದುಮಗಳ ತಲೆಗೆ ತೆಂಗಿನ ಹಾಲು ಹೊಯ್ಯುವಾಗ
ಗೊತ್ತಿದ್ದ ಹಾಡೇ ಆಗಬೇಕು, ಗೊತ್ತಿದ್ದ ಹಾಗೆಯೇ.
ಮಾಮ ಹಾಗೆಯೇ ನುಡಿಸುತ್ತಿದ್ದರು.
ಎಡೆಯಲ್ಲಿ ಒಂದು ಬೆರಳು ಮಾತ್ರ ಎಲ್ಲಿಗೋ ಹೋಗಿ,
ಬೀಡಿ ಸೇದಿ ಬಂದವನಂತೆ ಪುನಃ ಸಾಲಿನಲ್ಲಿ ಕೂರುತ್ತಿತ್ತು.

ಪೆನ್ಶನಿನ ಅರ್ಜಿ ನಾನೇ ಮಾಡಿಸಿದ್ದು.
ಪಂಚಾಯತಿನಲ್ಲಿ ಮಲೆಯಾಳದಲ್ಲಿ ಕೇಳಿದರು, ಕೆಲಸ ಏನು?
ಮಾಮ ಕೊಂಕಣಿಯಲ್ಲಿ ಹೇಳಿದರು,
ನಾನು ಕನ್ನಡದಲ್ಲಿ, ಬ್ಯಾರಿಯಲ್ಲಿ, ಕೊನೆಗೆ ಕೈಯಲ್ಲಿ ತಂತಿ ಮೀಟಿ.
ಗುಮಾಸ್ತ ತುಂಬ ಹೊತ್ತು ಯೋಚಿಸಿ ಬರೆದ: ಕೂಲಿ.
ಓದಿಸಿ ಕೇಳಿದ ಮಾಮ “ಸರಿಯೇ ಉಂಟು” ಅಂದರು.

ಒಂದು ರಾತ್ರಿಯದ್ದು ಹೇಳಬೇಕು, ಅವರಿಗೂ ಹೇಳಿರಲಿಲ್ಲ.
ಪೆರ್ಮುದೆಯಲ್ಲಿ ರೋಸು. ದೀಪ ಹೋಯಿತು.
ಫ್ಯೂಸು ತಡಕಲು ಸ್ಟೇಜಿನ ಅಡಿಗೆ ನುಗ್ಗಿದವನಿಗೆ
ತಲೆಯ ಮೇಲೆ ಕೇಳಿತು. ಮಾಮ ನಿಲ್ಲಿಸಿರಲೇ ಇಲ್ಲ.
ಕರೆಂಟಿಲ್ಲದ ಕರೆಂಟು ಗಿಟಾರು,
ದೂರದ ಮನೆಯಲ್ಲಿ ಯಾರೋ ಅಕ್ಕಿ ಕೇರಿದಷ್ಟು ಸದ್ದು.
ಜನ ಗಲಾಟೆಯಲ್ಲಿದ್ದರು, ಯಾರಿಗೂ ಇಲ್ಲ.
ಗುಂಯ್ ಕೂಡ ಇರಲಿಲ್ಲ,
ಆದರೆ ಅದಕ್ಕೆ ಜಾಗ ಬಿಟ್ಟೇ ನುಡಿಸುತ್ತಿದ್ದರು,
ಬಾರದವನಿಗೂ ಒಂದು ಎಲೆ ಹಾಕಿದ ಹಾಗೆ.

ಫ್ಯೂಸು ಕೈಗೆ ಸಿಕ್ಕಿತು.
ಕಟ್ಟಲಿಲ್ಲ.
ಮದುಮಗಳ ಮಾವ ನನ್ನ ಹೆಸರು ಹಿಡಿದು ಬಯ್ದರು,
ಎಲ್ಲಿ ಸತ್ತ ಆ ಮೈಕಿನವ ಎಂದು ಕೂಗಿದರು,
ಅಂಗೈಯಲ್ಲಿ ಫ್ಯೂಸು ಬೆವತದ್ದು ನೆನಪುಂಟು.
ಕಾಲು ಗಂಟೆ ಇರಬಹುದು.
ಬಾಡಿಗೆಯಲ್ಲಿ ಐವತ್ತು ಕಡಿಮೆ ಕೊಟ್ಟರು.

ಮಂಗಳವಾರ ಇಗರ್ಜಿಯಲ್ಲಿ
ಸ್ವಿಚ್ಚು ಹಾಕಿದೆ. ಗುಂಯ್.
ಅಂಗಡಿಯಲ್ಲಿ ಈಗ ಹೊಸ ಪೆಟ್ಟಿಗೆ ಮೂರು ಉಂಟು,
ಒಂದಕ್ಕೂ ಸ್ವರ ಇಲ್ಲ, ಅದಕ್ಕೇ ಇದನ್ನು ತಂದದ್ದು.
ಪಾದ್ರಿಗಳು ಪುಸ್ತಕದಿಂದ ತಲೆ ಎತ್ತಿ
ಆ ಸದ್ದು ತೆಗೆ ಎಂದು ಕೈಸನ್ನೆ ಮಾಡಿದರು.
ನಾನು ಯಾವುದೋ ಗುಂಡಿಯನ್ನು ತಿರುಗಿಸಿದ ಹಾಗೆ ಮಾಡಿದೆ.
ಕಡಿಮೆಯಾಯಿತು ಅಂದುಕೊಂಡು
ಅವರು ಮುಂದೆ ಓದಿದರು.