ತಡೆಹಿಡಿದದ್ದು

ಕ್ಲಾಕ್ಸ್‌ವೀಕ್ ಬಂದರು, ಬೆಳಗಿನ ನಾಲ್ಕು.
ದೋಣಿ ಬರುವ ಮುಂಚೆ
ಮೀನು ಹರಾಜಿನ ಕಂಪ್ಯೂಟರ್ ಏಳಬೇಕು.
ಏಳುತ್ತಿಲ್ಲ.

ಇದಕ್ಕೆ ಅದು ಬೇಕಂತೆ,
ಅದಕ್ಕೆ ಇನ್ನೊಂದು, ಅದೂ ಹೊಸದೇ ಆಗಬೇಕಂತೆ;
ಆ ಇನ್ನೊಂದೋ,
ಇದ್ದಲ್ಲಿಂದ ಕದಲೆ ಅನ್ನುತ್ತದೆ.
ರನ್‌ವಾ ಕಾಫಿ ಮರೆತಳು,
ಬಲೆಯ ಸಿಕ್ಕು ಬಿಡಿಸುವವಳ ಹಾಗೆ
ಗಂಟಿನಿಂದ ಗಂಟಿಗೆ ಹಿಂದಕ್ಕೆ ನಡೆದಳು.

ಸಿಕ್ಕಿತು: ಒಂದೇ ಒಂದು ಪ್ಯಾಕೇಜು,
ಹನ್ನೊಂದು ವರ್ಷದ ಹಿಂದೆ
ಯಾಕುಪ್ ಕಟ್ಟಿಹಾಕಿದ್ದು.
ಜೊತೆಗೆ ಅವನ ಟಿಪ್ಪಣಿ:
‘ಮುಟ್ಟಬೇಡಿ. ಹೊಸದರ ಮಾತು
ನಮ್ಮ ತಕ್ಕಡಿಗೆ ತಿಳಿಯೋದಿಲ್ಲ.’

ಆ ತಕ್ಕಡಿ ಹೋದ ಚಳಿಗಾಲ ಗುಜರಿಗೆ ಹೋಯಿತು.
ಯಾಕುಪನನ್ನು ಅದಕ್ಕೂ ಮೊದಲೇ
ಇಗರ್ಜಿಯ ಹಿಂದೆ ಮಣ್ಣು ಮಾಡಿದರು.

ಒಂದು ಸಾಲು ಬರೆದು ಕಟ್ಟು ಬಿಚ್ಚಿದಳು.
ಪರದೆಯ ಮೇಲೆ ಅಕ್ಷರಗಳು ಸರಸರ ಇಳಿದವು;
ಹೊರಗೆ ಮೊದಲ ದೋಣಿಯ ಕೂಗು.
ಟಿಪ್ಪಣಿ ಅಳಿಸಲಿಲ್ಲ.
ಕೆಳಗೆ ಇವತ್ತಿನ ತಾರೀಖು ಹಾಕಿದಳು, ಅಷ್ಟೆ.